ಕೈಯಲ್ಲಿ ಫೋನು, ಮನೆಯಲ್ಲೇ ಸಾಲಿ

ಕಾಟಾ ಚೀಟಿ, ಹೊಳೆ ನೀರಿನ ಸುದ್ದಿ, ಹೊಲದ ಉತಾರ. ಈ ಮೂರನ್ನು ಸರಿಯಾಗಿ ಓದಿಕೊಂಡರೆ ಕೃಷ್ಣಾ ತೀರದ ಸಣ್ಣ ಹಿಡುವಳಿದಾರನಿಗೆ ಅರ್ಧ ಬಲ ಬಂದ ಹಾಗೆ. ಓದು ಕಲಿಸುವ ಮಾಸ್ತರು ಈಗ ಪ್ರತಿ ಮನೆಯ ಕಿಸೆಯಲ್ಲೇ ಇದ್ದಾನೆ. ದುಡಿಸಿಕೊಳ್ಳುವುದು ಹೇಗೆ?

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದೂ ತಾಲೂಕಿನಲ್ಲಿ ಕಬ್ಬಿನ ಹಂಗಾಮು ಶುರುವಾಯ್ತೆಂದರೆ ಫೋನಿಗೆ ಬಿಡುವಿಲ್ಲ. ಕಾರ್ಖಾನೆಯ ಮೆಸೇಜು, ಬ್ಯಾಂಕಿನ ಮೆಸೇಜು, ಸೊಸೈಟಿಯ ಮೆಸೇಜು, ವಾಟ್ಸಾಪಿನ ಹತ್ತೆಂಟು ಗುಂಪು. ಬಂದದ್ದನ್ನು ಓದುವವರು ಯಾರು? ಹೆಚ್ಚಿನ ಮನೆಯಲ್ಲಿ ನಡೆಯುವುದು ಹೀಗೆ. ಅಪ್ಪ ಫೋನನ್ನು ಮಗನ ಕೈಗೆ ಕೊಡುತ್ತಾನೆ. "ಏನ ಬರದಾರ ನೋಡೋ." ಹುಡುಗ ಗಡಗಡ ಓದಿ ಫೋನು ವಾಪಸು ಕೊಡುತ್ತಾನೆ. ಅವನಿಗೆ ಅಕ್ಷರ ಗೊತ್ತು, ಟೇರ್ ತೂಕ ಅಂದರೇನು ಗೊತ್ತಿಲ್ಲ. ಅಪ್ಪನಿಗೆ ಕಾಟಾ ಗೊತ್ತು, ಗಾಡಿ ಗೊತ್ತು, ಕಬ್ಬು ಗೊತ್ತು. ಅಕ್ಷರ ತೊಡಕು.

ಅಂದರೆ ಒಂದೇ ಮನೆಯಲ್ಲಿ ಇಬ್ಬರು ಅರ್ಧ ಓದುಗರು. ಇಬ್ಬರನ್ನೂ ದಿನಕ್ಕೆ ಇಪ್ಪತ್ತು ನಿಮಿಷ ಒಂದೇ ಕಾಗದದ ಮುಂದೆ ಕೂಡಿಸಿದರೆ ಮಗನಿಗೆ ಅರ್ಥ ಬರುತ್ತದೆ, ಅಪ್ಪನಿಗೂ ಅವ್ವನಿಗೂ ಅಕ್ಷರ ಬರುತ್ತದೆ. ಇದಕ್ಕೆ ಹೊಸ ಪುಸ್ತಕ ಬೇಡ. ಮನೆಯ ಕಾಗದವೇ ಪಠ್ಯ, ಫೋನು ಪಾಟಿ. ಮೂರು ಪಾಠ ಇಲ್ಲಿವೆ.

ಮೊದಲ ಪಾಠ: ಕಾಟಾ ಚೀಟಿ

ಚೀಟಿಯ ಫೋಟೊ ತೆಗೆಯಿರಿ. ಬೆರಳಿನಿಂದ ದೊಡ್ಡದು ಮಾಡಿ. ಸಣ್ಣ ಅಚ್ಚು ಕಾಣದ ಹಿರಿಯರಿಗೆ ಇದೇ ದೊಡ್ಡ ಉಪಕಾರ. ಈಗ ಮೂರು ಅಂಕಿ ಹುಡುಕಿ: ಗಾಡಿ ಸಮೇತ ತೂಕ, ಖಾಲಿ ಗಾಡಿ ತೂಕ, ನಿವ್ವಳ ತೂಕ. ಮೊದಲನೆಯದು 24.650 ಟನ್, ಎರಡನೆಯದು 8.120 ಅಂತ ಇಟ್ಟುಕೊಳ್ಳಿ. ಮಗ ಕಳೆಯಲಿ. 16.530 ಬರಬೇಕು. ಚೀಟಿಯಲ್ಲಿ ಅದಕ್ಕಿಂತ ಕಡಿಮೆ ಇದ್ದರೆ ಕಡಿತ ಯಾವುದು, ಯಾಕೆ ಎಂದು ಅಲ್ಲೇ ಬರೆದಿರಬೇಕು. ಇರದಿದ್ದರೆ ಮರುದಿನ ಕೇಳಲು ಪ್ರಶ್ನೆ ಸಿಕ್ಕಿತು.

ಮುಂದಿನದು ದರ. 2025ರ ನವೆಂಬರಿನಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ದೊಡ್ಡ ಹೋರಾಟ ನಡೆಯಿತು. ರೈತರ ಬೇಡಿಕೆ ಟನ್ನಿಗೆ 3,500 ರೂಪಾಯಿ. ಕೊನೆಗೆ ಸರಕಾರ 3,300 ಎಂದು ಘೋಷಿಸಿತು. ಅದೇ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ, ಅಂದರೆ ನ್ಯಾಯ ಮತ್ತು ಲಾಭದಾಯಕ ದರ, ಟನ್ನಿಗೆ 3,550. ಪೇಟೆಯ ಮಂದಿಗೆ ಗೊಂದಲ: "3,550 ಕೊಟ್ಟಾರಲ್ಲ, ಮತ್ತ 3,500ಕ್ಕ ಯಾಕ ಗದ್ದಲಾ?" ಎರಡೂ ಅಂಕಿ ಖರೆ. ಆದರೆ ಒಂದೇ ಲೆಕ್ಕದ ಅಂಕಿಗಳಲ್ಲ. 3,550 ಕಾರ್ಖಾನೆ ಬಾಗಿಲಲ್ಲಿನ ದರ. ಅದರೊಳಗೆ ಕಟಾವು ಮತ್ತು ಸಾಗಾಣಿಕೆ ಖರ್ಚೂ ಸೇರಿದೆ. ರೈತರು ಕೇಳಿದ್ದು ಅವೆರಡನ್ನೂ ಬಿಟ್ಟು ಕೈಗೆ ಬರುವ ಹಣ. ಅಂಕಿಯ ಹಿಂದೆ ಏನು ಸೇರಿದೆ, ಏನು ಬಿಟ್ಟಿದೆ ಎಂದು ನೋಡದಿದ್ದರೆ ಪೇಪರು ಓದಿಯೂ ದಾರಿ ತಪ್ಪುತ್ತದೆ.

ಆ ಎಫ್‌ಆರ್‌ಪಿ 10.25 ಪ್ರತಿಶತ ಸಕ್ಕರೆ ಇಳುವರಿಗೆ. ಇಳುವರಿ 0.1 ಏರಿದರೆ ಟನ್ನಿಗೆ 34 ರೂಪಾಯಿ 60 ಪೈಸೆ ಏರುತ್ತದೆ. ಇಳಿದರೆ ಅಷ್ಟೇ ಇಳಿಯುತ್ತದೆ. ಆದರೆ 9.5 ಅಥವಾ ಅದಕ್ಕಿಂತ ಕಡಿಮೆ ಇದ್ದರೂ 3,290 ರೂಪಾಯಿ 50 ಪೈಸೆಗಿಂತ ಕೆಳಗೆ ಹೋಗುವಂತಿಲ್ಲ. ಮನೆಯಲ್ಲಿ ಒಂದು ಲೆಕ್ಕ ಮಾಡಿಸಿ. ಇಳುವರಿ 10.75 ಇದ್ದರೆ ಐದು ಮೆಟ್ಟಿಲು ಏರಿತು. ಐದು ಸಲ 34.60 ಅಂದರೆ 173. ದರ 3,723. ಕಟಾವು, ಸಾಗಾಣಿಕೆ 800 ಎಂದು ಹಿಡಿದರೆ ಕೈಗೆ 2,923. ಈ 800 ನಾನು ಲೆಕ್ಕಕ್ಕೆ ಹಿಡಿದದ್ದು. ನಿಮ್ಮ ಕಾರ್ಖಾನೆಯ ಅಂಕಿ ನಿಮ್ಮ ಬಿಲ್ಲಿನಲ್ಲಿರುತ್ತದೆ, ಅದನ್ನೇ ಹಾಕಿ. ಯಾವ ಕಾರ್ಖಾನೆಯ ಇಳುವರಿ ಎಷ್ಟು, ದರ ಎಷ್ಟು ಎಂಬ ಪಟ್ಟಿಯನ್ನು ರಾಜ್ಯದ ಕಬ್ಬು ಅಭಿವೃದ್ಧಿ ಆಯುಕ್ತರು ಹೊರಡಿಸುತ್ತಾರೆ. ಫೋನಿನಲ್ಲಿ ಹುಡುಕಬೇಕಾದದ್ದು ಆ ಪಟ್ಟಿಯನ್ನು. ಗುಂಪಿನಲ್ಲಿ ಯಾರೋ ಹಾಕಿದ ಬಣ್ಣದ ಚಿತ್ರವನ್ನಲ್ಲ. ಹಂಗಾಮು ಬದಲಾದರೆ ಅಂಕಿಯೂ ಬದಲಾಗುತ್ತದೆ ಎಂಬುದು ನೆನಪಿರಲಿ.

ಇನ್ನೊಂದು ಸಾಲು ಮಕ್ಕಳಿಂದ ದಪ್ಪ ಅಕ್ಷರದಲ್ಲಿ ಬರೆಸಿ ಗೋಡೆಗೆ ಅಂಟಿಸಿ: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ 15 ಪ್ರತಿಶತ ಬಡ್ಡಿ. ಒಂದು ಲಕ್ಷ ರೂಪಾಯಿ ಅರವತ್ತು ದಿನ ತಡವಾದರೆ ಬಡ್ಡಿ ಸುಮಾರು 2,466 ರೂಪಾಯಿ. ಏಳನೇ ಇಯತ್ತೆಯ ಹುಡುಗಿ ಮಾಡುವ ಲೆಕ್ಕ ಇದು. ಪುಸ್ತಕದ ಬಡ್ಡಿ ಲೆಕ್ಕಕ್ಕಿಂತ ಮನೆಯ ಬಡ್ಡಿ ಲೆಕ್ಕ ಬೇಗ ತಲೆಗೆ ಹೋಗುತ್ತದೆ.

ಎರಡನೆಯದು: ಹೊಳೆ ನೀರಿನ ಸುದ್ದಿ

2005, 2019, 2021. ಈ ಮೂರು ವರ್ಷ ನದಿದಂಡೆಯವರು ಮರೆಯುವಂತಿಲ್ಲ. 2019ರ ಆಗಸ್ಟಿನಲ್ಲಿ ಊರಿಗೆ ಊರೇ ಎದ್ದು ಹೋಗಬೇಕಾಯಿತು. ಇಂಥ ಹೊತ್ತಿನಲ್ಲಿ ತಪ್ಪು ಸುದ್ದಿ ಎರಡು ಥರ ಕೊಲ್ಲುತ್ತದೆ. ಬಾರದ ನೀರಿಗೆ ಹೆದರಿ ಓಡಿದವನು ಮುಂದಿನ ಸಲ ಬರುವ ನೀರನ್ನೂ ನಂಬುವುದಿಲ್ಲ. ಬರುವ ನೀರನ್ನು ನಂಬದವನ ದನ, ಪಂಪಸೆಟ್ಟು, ಕಡೆಗೆ ಜೀವವೂ ಹೊಳೆಗೆ.

"ಎರಡ ಲಕ್ಷ ಬಿಟ್ಟಾರಂತ್ರೀ!" ಮಳೆಗಾಲದಲ್ಲಿ ದಿನಾ ಕೇಳುವ ಮಾತು. ಎಲ್ಲಿಂದ? ಎಷ್ಟು ಹೊತ್ತಿಗೆ? ಯಾವ ಅಳತೆ? ಈ ಮೂರು ಇರದ ಸುದ್ದಿ ಅರ್ಧ ಸುದ್ದಿ.

ಒಂದು ಹಾಳೆ ತಗೊಳ್ಳಿ. ಮೇಲಿಂದ ಕೆಳಗೆ ಬರೆಯಿರಿ: ಕೊಯ್ನಾ, ರಾಜಾಪುರ, ಕಲ್ಲೋಳ, ಹಿಪ್ಪರಗಿ, ಆಲಮಟ್ಟಿ. ನೀರು ಬರುವ ಸಾಲು ಇದೇ. ಸಾತಾರಾ ಜಿಲ್ಲೆಯ ಕೊಯ್ನಾ ಅಣೆಕಟ್ಟಿನ ನೀರು ಕರಾಡದಲ್ಲಿ ಕೃಷ್ಣೆಗೆ ಸೇರಿ, ಸಾಂಗ್ಲಿ ದಾಟಿ, ದಾರಿಯಲ್ಲಿ ಪಂಚಗಂಗೆಯನ್ನೂ ಕೂಡಿಕೊಂಡು ರಾಜಾಪುರ ಬ್ಯಾರೇಜಿಗೆ ಬರುತ್ತದೆ. ಕಲ್ಲೋಳದ ಹತ್ತಿರ ದೂಧಗಂಗೆ ಬಂದು ಸೇರುತ್ತದೆ. ಹಾಗಾಗಿ ಕಲ್ಲೋಳದ ಲೆಕ್ಕ ಅಂದರೆ ರಾಜಾಪುರದ ಅಂಕಿಗೆ ದೂಧಗಂಗೆಯ ಅಂಕಿ ಕೂಡಿಸಿದ್ದು. ಪೇಪರಿನಲ್ಲಿ ಬರುವುದೂ ಹಾಗೇ. ಬರೀ ಕೊಯ್ನಾದ ಅಂಕಿ ಹಿಡಿದು ಮಾಂಜರಿ, ಯಡೂರ, ಜುಗೂಳದವರು ತೀರ್ಮಾನ ಮಾಡುವಂತಿಲ್ಲ. ಕಾರದಗಾ, ಸದಲಗಾದವರು ದೂಧಗಂಗೆಯ ಅಂಕಿ ನೋಡಬೇಕು.

ಇನ್ನು ಅಳತೆ. ಟಿಎಂಸಿ ಅಂದರೆ ನಿಂತ ನೀರಿನ ಅಳತೆ. ಕೊಯ್ನಾದ ಹೊಟ್ಟೆ 105.25 ಟಿಎಂಸಿ. ಕ್ಯೂಸೆಕ್ ಅಂದರೆ ಹರಿವ ನೀರಿನ ಅಳತೆ, ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರು. ಒಂದು ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ ಆಯ್ತು. ಈ ಒಂದು ಸಾಲು ಗೊತ್ತಿದ್ದರೆ "ಇವತ್ತ ರಾತ್ರಿಗೆ ಕೊಯ್ನಾ ಪೂರಾ ಖಾಲಿ ಮಾಡ್ತಾರಂತ" ಎನ್ನುವ ಮೆಸೇಜು ಬಂದಾಗ ಹುಡುಗರೇ ಲೆಕ್ಕ ಹಾಕಿ ನಗುತ್ತಾರೆ.

ಮಳೆಗಾಲದಲ್ಲಿ ದಿನಾ ಮುಂಜಾನೆ ಒಂದು ವಹಿಯಲ್ಲಿ ತಾರೀಖು, ಜಾಗ, ಕ್ಯೂಸೆಕ್ ಬರೆಸಿ. ಪಕ್ಕದಲ್ಲಿ ನಮ್ಮ ಘಾಟಿನ ಯಾವ ಮೆಟ್ಟಿಲಿಗೆ ನೀರು ಬಂತು ಎಂದೂ ಬರೆಯಲಿ. ಎರಡು ಮಳೆಗಾಲ ಬರೆದರೆ ಆ ಊರಿಗೆ ತನ್ನದೇ ಅಂದಾಜು ಸಿಗುತ್ತದೆ. ಎಷ್ಟು ನೀರಿಗೆ ಮೋಟಾರು ಎತ್ತಬೇಕು, ಎಷ್ಟಕ್ಕೆ ದನ ಬಿಚ್ಚಬೇಕು ಎಂಬುದು ಊರಿನ ವಹಿ ಹೇಳುವಷ್ಟು ಬೇರೆ ಯಾರೂ ಹೇಳಲಾರರು. ಮಳೆಯ ಮುನ್ಸೂಚನೆಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಇದೆ: 92433 45433. ಫೋನು ಮಾಡಿ ಊರು, ಹೋಬಳಿ ಹೇಳಿ ಕೇಳಬಹುದು.

ಹಳೆಯ ವರ್ಷದ ಪ್ರವಾಹದ ವಿಡಿಯೊ ಹೊಸದೆಂದು ಓಡಾಡುವುದುಂಟು. ಹಿಡಿಯುವುದು ಹೇಗೆ? ಮಕ್ಕಳಿಗೆ ಆಟ ಮಾಡಿಬಿಡಿ. ಚಿತ್ರದಲ್ಲಿ ಸೇತುವೆ ಯಾವುದು? ಹೊಲದಲ್ಲಿ ಯಾವ ಬೆಳೆ, ಎಷ್ಟು ಎತ್ತರ? ಅಂಗಡಿಯ ಬೋರ್ಡು ಯಾವ ಭಾಷೆ? ಜುಲೈ ತಿಂಗಳ ವಿಡಿಯೊದಲ್ಲಿ ಸುಗ್ಗಿಯ ಜೋಳ ಕಂಡರೆ ಅದು ಇವತ್ತಿನದಲ್ಲ. ಇದನ್ನು ಕಂಪ್ಯೂಟರ್ ಕಲಿತವನಿಗಿಂತ ರೈತನ ಮಗ ಬೇಗ ಹಿಡಿಯುತ್ತಾನೆ.

ಮೂರನೆಯದು: ಉತಾರ

ಪಹಣಿಗೆ ನಮ್ಮ ಕಡೆ ಉತಾರ ಅನ್ನುತ್ತೇವೆ. ಭೂಮಿ ಯೋಜನೆ ಬಂದ ಮೇಲೆ ಕೈಬರಹದ ಉತಾರ ಹೋಗಿ ಅಚ್ಚಿನದು ಬಂತು. ಅಕ್ಷರ ಸ್ಪಷ್ಟವಾಯ್ತು. ಆದರೂ ಮಡಚಿ ಟ್ರಂಕಿನಲ್ಲಿ ಇಡುವುದೇ ಹೆಚ್ಚು.

ಅದನ್ನು ಹೊರಗೆ ತೆಗೆದು ನಾಲ್ಕು ಕಡೆ ಬೆರಳಿಡಿ. 3ನೇ ಕಾಲಂ ಕ್ಷೇತ್ರ, ಎಷ್ಟು ಎಕರೆ, ಎಷ್ಟು ಗುಂಟೆ. 9ನೇ ಕಾಲಂ ಮಾಲೀಕರ ಹೆಸರು. 11ನೇ ಕಾಲಂ ಸಾಲ ಮತ್ತು ಇತರ ಹಕ್ಕು. 12ನೇ ಕಾಲಂ ಬೆಳೆ. ಸತ್ತ ಅಜ್ಜನ ಹೆಸರೇ ಇನ್ನೂ ಇದೆಯೇ? ತೀರಿಸಿದ ಸೊಸೈಟಿ ಸಾಲ ಇನ್ನೂ ನಿಂತಿದೆಯೇ? ಹೆಸರಿನ ಒಂದು ಅಕ್ಷರ ಆಧಾರಿಗಿಂತ ಬೇರೆ ಇದೆಯೇ? ಆ ಒಂದು ಅಕ್ಷರಕ್ಕೆ ಪರಿಹಾರದ ಹಣ ತಿಂಗಳುಗಟ್ಟಲೆ ನಿಲ್ಲಬಹುದು. ಅಕ್ಷರ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಉಂಟೇ? ಅವ್ವ ಮೊದಲು ಗುರುತಿಸಬೇಕಾದ ಮೂರು ಶಬ್ದ ಅಂದರೆ ತನ್ನ ಹೆಸರು, ಗಂಡನ ಹೆಸರು, ಹೊಲದ ಹೆಸರು.

ಬೆಳೆ ಸಮೀಕ್ಷೆಯಲ್ಲೂ ಇದೇ ಮಾತು. 2020ರ ಮುಂಗಾರಿನಿಂದ ರೈತರೇ ಫೋನಿನಲ್ಲಿ ತಮ್ಮ ಬೆಳೆಯ ಫೋಟೊ ಏರಿಸಲು ಅವಕಾಶ ಬಂತು. ನಿಮ್ಮ ಹೊಲದಲ್ಲಿ ಯಾವ ಬೆಳೆ ಎಂದು ದಾಖಲಾಗಿದೆ ಎಂಬುದನ್ನು ಬೆಳೆ ದರ್ಶಕ ಆ್ಯಪಿನಲ್ಲಿ ನೋಡಬಹುದು. ತಪ್ಪಿದ್ದರೆ ಆಕ್ಷೇಪಣೆ ಹಾಕಬಹುದು. ನೆರೆ ಬಂದು ಹೋದ ಮೇಲೆ ನೋಡುವುದಕ್ಕಿಂತ ಮೊದಲೇ ನೋಡುವುದು ಚಲೋ.

ಅಕ್ಷರವೇ ಬಾರದವರಿಗೆ

ನಿಪ್ಪಾಣಿ ಕಡೆ ಬೀಡಿ ಕಟ್ಟುವ ತಾಯಂದಿರು, ಗ್ಯಾಂಗಿನಲ್ಲಿ ಕಬ್ಬು ಕಡಿಯುವವರು, ದನದ ಹಿಂದೆ ಹೋಗಿ ಸಾಲಿ ಬಿಟ್ಟವರು. ಇವರಿಗೆ ಮೇಲಿನ ಪಾಠ ನೇರ ಹತ್ತುವುದಿಲ್ಲ. ಮೊದಲು ಅಕ್ಷರದ ಭಯ ಬಿಡಿಸಬೇಕು. ಫೋನಿನಲ್ಲಿ ಇದಕ್ಕೆ ಎರಡು ಸುಲಭ ದಾರಿ ಇವೆ.

ಒಂದು, ಮಾತನ್ನು ಅಕ್ಷರ ಮಾಡುವ ಮೈಕು. ಫೋನಿನ ಕನ್ನಡ ಕೀಲಿಮಣೆಯಲ್ಲಿ ಮೈಕಿನ ಚಿತ್ರ ಒತ್ತಿ "ಎಮ್ಮಿ ಹಾಲ" ಅಂದರೆ ಅಕ್ಷರ ಮೂಡುತ್ತದೆ. ತಾನು ಆಡಿದ ಮಾತು ಕಣ್ಣೆದುರು ಬರಹವಾಗುವುದು ಕಂಡರೆ ಅರವತ್ತರ ಅಜ್ಜಿಗೂ ಹುರುಪು. ನಮ್ಮ ಕಡೆಯ ಮಾತು ಅದಕ್ಕೆ ಕೆಲವು ಸಲ ತಿಳಿಯುವುದಿಲ್ಲ, ಏನೋ ಬರೆಯುತ್ತದೆ. ಅದೂ ಪಾಠವೇ. "ನಾ ಅಂದಿದ್ದ ಇದಲ್ಲ" ಎಂದು ಗುರುತಿಸಿದಾಗ ಅವಳು ಓದಿದ ಹಾಗಾಯ್ತು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವೂ ಈಗಿನ ಫೋನುಗಳಲ್ಲಿದೆ.

ಎರಡು, ಹಾಡು. ಅಹಮದಾಬಾದಿನ ಐಐಎಂನ ಬ್ರಿಜ್ ಕೊಠಾರಿ 1996ರಲ್ಲಿ ಒಂದು ಸರಳ ವಿಚಾರ ಮಾಡಿದರು. ಟೀವಿಯಲ್ಲಿ ಹಾಡು ಬರುವಾಗ ಅದೇ ಭಾಷೆಯಲ್ಲಿ ಹಾಡಿನ ಸಾಲನ್ನು ಕೆಳಗೆ ತೋರಿಸಿದರೆ ನೋಡುವವರಿಗೆ ಗೊತ್ತಿಲ್ಲದೆಯೇ ಓದು ರೂಢಿಯಾಗುತ್ತದೆ ಎಂದು. 1999ರಲ್ಲಿ ಗುಜರಾತಿನ ದೂರದರ್ಶನದಲ್ಲಿ ಇದು ಶುರುವಾಯಿತು. ಬಾಯಿಪಾಠ ಇರುವ ಹಾಡಿಗೆ ಅಕ್ಷರ ಜೋಡಿಸುವುದು ಕಷ್ಟವಲ್ಲ. ನಮ್ಮಲ್ಲಿ ಭಜನಾ ಮೇಳ ಇಲ್ಲದ ಊರಿಲ್ಲ. ವಚನ, ತತ್ವಪದ, ಅಭಂಗ ಯಾವುದಾದರೂ ಸರಿ. ಸಾಲು ತೋರಿಸುವ ವಿಡಿಯೊ ಹಾಕಿ ಒಟ್ಟಿಗೆ ಹಾಡಿ. ಹಾಡುವಾಗ ಒಬ್ಬರು ಸಾಲಿನ ಮೇಲೆ ಬೆರಳು ಓಡಿಸಲಿ. ವಾರಕ್ಕೆ ಒಂದೇ ಹಾಡು, ಹೆಚ್ಚು ಬೇಡ.

ಇನ್ನೂ ಮುಂದೆ ಹೋಗುವವರಿಗೆ 'ಉಲ್ಲಾಸ್' ಇದೆ. 15 ವರ್ಷ ದಾಟಿದ ಅನಕ್ಷರಸ್ಥರಿಗಾಗಿ 2022ರಿಂದ 2027ರವರೆಗಿನ ಕೇಂದ್ರದ ಕಾರ್ಯಕ್ರಮ. ಇದರ ಆ್ಯಪು 2023ರ ಜುಲೈನಲ್ಲಿ ಬಂತು. ಕಲಿಯುವವರೂ ಕಲಿಸುವ ಸ್ವಯಂಸೇವಕರೂ ಅದರಲ್ಲಿ ಹೆಸರು ಹಚ್ಚಬಹುದು. ಕಾಲೇಜು ಕಲಿಯುವ ಮಗಳೇ ಅವ್ವನಿಗೆ ಮಾಸ್ತರಳಾಗಬಹುದು.

ಎರಡು ಭಾಷೆಯ ಮನೆ

ನಮ್ಮ ಗಡಿ ಊರುಗಳಲ್ಲಿ ಅಜ್ಜಿ ಮರಾಠಿ, ಸೊಸೆ ಕನ್ನಡ, ಮೊಮ್ಮಕ್ಕಳು ಎರಡೂ. ಮರಾಠಿ ಸಾಲಿಯ ಹುಡುಗನಿಗೆ ಕನ್ನಡದ ಉತಾರ ಓದಲು ಬಾರದು. ಕನ್ನಡ ಸಾಲಿಯ ಹುಡುಗಿಗೆ ಕೊಲ್ಲಾಪುರದಿಂದ ಬಂದ ಬೀಜದ ಚೀಲದ ಮರಾಠಿ ಬರಹ ತೊಡಕು. ಇಬ್ಬರೂ ಬದಲಾಬದಲಿ ಕಲಿತರೆ ನಷ್ಟ ಯಾರಿಗೂ ಇಲ್ಲ.

ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ 'ಸ್ಟೋರಿವೀವರ್' ಇದಕ್ಕೆ ಅನುಕೂಲ. ಮಕ್ಕಳ ಕಥೆಗಳು ಪುಕ್ಕಟೆ. ಒಂದೇ ಕಥೆ ಕನ್ನಡದಲ್ಲೂ ಮರಾಠಿಯಲ್ಲೂ ಸಿಗುವುದುಂಟು. ಕಥೆಗಳಿಗೆ ಓದಿನ ಮಟ್ಟ ಹಾಕಿದ್ದಾರೆ, ಒಂದನೇ ಮಟ್ಟದಲ್ಲಿ ಪುಟಕ್ಕೆ ಒಂದೆರಡು ಸಾಲು ಮಾತ್ರ. ಇಳಿಸಿಕೊಂಡು ಇಟ್ಟರೆ ನೆಟ್‌ವರ್ಕ್ ಇಲ್ಲದ ತೋಟದ ಮನೆಯಲ್ಲೂ ಓದಬಹುದು. ಸಾಲಿ ಪುಸ್ತಕದಲ್ಲಿರುವ ಚೌಕುಳಿ ಗುರುತು, ಅದೇ ಕ್ಯೂಆರ್ ಕೋಡ್, ಅದಕ್ಕೆ 'ದೀಕ್ಷಾ' ಆ್ಯಪು ಹಿಡಿದರೆ ಆ ಪಾಠದ ವಿಡಿಯೊ ಮೊದಲಾದವು ತೆರೆಯುತ್ತವೆ. ಗುರುತು ಎಲ್ಲರ ಪುಸ್ತಕದಲ್ಲೂ ಇದೆ. ಬಳಸಿದವರು ಎಷ್ಟು ಮಂದಿ?

ಪಂಚಾಯ್ತಿಯ ಅರಿವು ಕೇಂದ್ರ

ಮನೆಯಲ್ಲಿ ಫೋನೇ ಇಲ್ಲ, ಇದ್ದರೂ ಅಪ್ಪನ ಜೊತೆ ಹೊಲಕ್ಕೆ ಹೋಗುತ್ತದೆ ಅನ್ನುವವರು ಪಂಚಾಯ್ತಿ ಗ್ರಂಥಾಲಯದ ಕಡೆ ನಡೆಯಿರಿ. 2019ರಲ್ಲಿ ರಾಜ್ಯದ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು. 2020ರ ಮಕ್ಕಳ ದಿನಾಚರಣೆಯ ಹೊತ್ತಿಗೆ 'ಓದುವ ಬೆಳಕು' ಶುರುವಾಯ್ತು. 6ರಿಂದ 18 ವಯಸ್ಸಿನ ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ಈಗ ಇವಕ್ಕೆ ಅರಿವು ಕೇಂದ್ರ ಎಂದು ಹೆಸರು. 'ಡಿಜಿ ವಿಕಸನ' ಎಂಬ ಕಾರ್ಯಕ್ರಮದಡಿ ಅನೇಕ ಕೇಂದ್ರಗಳಿಗೆ ಕಂಪ್ಯೂಟರ್, ಟೀವಿ, ಫೋನು ಬಂದಿವೆ.

ಎಲ್ಲ ಕಡೆ ಒಂದೇ ಥರ ನಡೆಯುತ್ತಿದೆ ಎಂದು ಹೇಳಲಾರೆ. ನಿಮ್ಮ ಊರಿನಲ್ಲಿ ಬಾಗಿಲು ಎಷ್ಟು ಹೊತ್ತಿಗೆ ತೆರೆಯುತ್ತದೆ, ಕಂಪ್ಯೂಟರಿನ ಮೇಲೆ ಹೊದಿಕೆ ಇದೆಯೋ ಮಕ್ಕಳ ಕೈ ಇದೆಯೋ ನೀವೇ ಹೋಗಿ ನೋಡಿ. ಗ್ರಾಮಸಭೆಯಲ್ಲಿ ಒಂದು ಮಾತು ಕೇಳಿ: "ಹದಿನೈದು ದಿನಕ್ಕೊಮ್ಮೆ ಸಂಜಿ ಒಂದ ತಾಸು ರೈತರಿಗೆ ಕೊಡ್ರಿ. ಬಿಲ್ಲು, ಉತಾರ ದೊಡ್ಡ ಪರದೆ ಮ್ಯಾಲೆ ಹಾಕಿ ಓದೂಣು." ಬೇಡಿಕೆ ಇಟ್ಟರೆ ಮೇಲ್ವಿಚಾರಕರಿಗೂ ಕೆಲಸ ಮಾಡಲು ಬಲ ಬರುತ್ತದೆ.

ನಂಬುವ ಮೊದಲು ನಾಲ್ಕು ಪ್ರಶ್ನೆ

1. ಯಾರು ಹೇಳಿದ್ದು? ಕಚೇರಿಯ ಹೆಸರು, ಸಹಿ, ತಾರೀಖು ಇದೆಯೇ? 'ಬಲ್ಲ ಮೂಲ' ಅಂದರೆ ಯಾರೂ ಅಲ್ಲ.
2. ಯಾವ ಹಂಗಾಮಿನದು, ಯಾವ ವರ್ಷದ್ದು?
3. ಅಂಕಿಯಲ್ಲಿ ಏನು ಸೇರಿದೆ, ಏನು ಸೇರಿಲ್ಲ?
4. ನಂಬಿದರೆ ಲಾಭ ಯಾರಿಗೆ? ಹಣ, ಓಟಿಪಿ, ಆಧಾರ ನಂಬರ್ ಕೇಳುತ್ತಿದ್ದಾರೆಯೇ?

ನಾಲ್ಕನೆಯದು ಬಹಳ ಮುಖ್ಯ. ಪಿಎಂ ಕಿಸಾನ್ ಹೆಸರಲ್ಲಿ, ಬ್ಯಾಂಕಿನ ಹೆಸರಲ್ಲಿ ಫೈಲು ಕಳಿಸಿ "ಇದನ್ನ ಹಾಕಿಕೊಳ್ರಿ, ಕಂತು ಬರತೈತಿ" ಅನ್ನುವ ಮೋಸ ನಡೆಯುತ್ತಿದೆ. ವಾಟ್ಸಾಪಿನಲ್ಲಿ ಬಂದ ಆ್ಯಪು ಯಾವತ್ತೂ ಹಾಕಿಕೊಳ್ಳಬೇಡಿ. ಸರಕಾರಿ ಜಾಲತಾಣದ ವಿಳಾಸದ ಕೊನೆಯಲ್ಲಿ 'ಜಿಓವಿ ಡಾಟ್ ಇನ್' ಇರುತ್ತದೆ. ಮಕ್ಕಳಿಗೆ ಆ ಕೊನೆಯ ಅಕ್ಷರ ಮೊದಲು ನೋಡಲು ಕಲಿಸಿ. ಹಣ ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಿ. ಮೊದಲ ತಾಸಿನಲ್ಲೇ ಹೇಳಿದರೆ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಈಗ ಪ್ರಶ್ನೆ ಕೇಳಿದರೆ ಫೋನೇ ಉತ್ತರ ಹೇಳುತ್ತದೆ. ಕಬ್ಬಿನ ಗೊಣ್ಣೆಹುಳುವಿಗೆ ಏನು ಹಾಕಲಿ ಎಂದರೂ ಅಳುಕಿಲ್ಲದೆ ಹೇಳುತ್ತದೆ. ಸರಿಯೂ ಇರಬಹುದು, ತಪ್ಪೂ ಇರಬಹುದು. ಧ್ವನಿ ಮಾತ್ರ ಒಂದೇ. ಔಷಧದ ಮಾತಿಗೆ ಡಬ್ಬಿಯ ಮೇಲಿನ ಬರಹವೇ ಪ್ರಮಾಣ: ಯಾವ ಬೆಳೆಗೆ, ಯಾವ ಕೀಡೆಗೆ, ಎಷ್ಟು. ಅಕ್ಷರ ಬಾರದವರಿಗೆ ಅಲ್ಲಿ ಬಣ್ಣದ ಗುರುತೂ ಇದೆ. ಕೆಂಪು ಅತಿ ವಿಷ, ನಂತರ ಹಳದಿ, ನೀಲಿ, ಹಸಿರು. ಸಂಶಯ ಬಂದರೆ ಕಿಸಾನ್ ಕಾಲ್ ಸೆಂಟರ್ 1800 180 1551, ಇಲ್ಲವೇ ತುಕ್ಕಾನಟ್ಟಿ, ಮತ್ತಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ.

ಇಷ್ಟು ಮಾತ್ರ ಜಪಿಸಿ

ಫೋನು ಕೊಟ್ಟು ಎದ್ದು ಹೋದರೆ ಹುಡುಗ ಓದುವುದಿಲ್ಲ, ರೀಲು ನೋಡುತ್ತಾನೆ. ದೊಡ್ಡವರು ಪಕ್ಕದಲ್ಲಿ ಕೂಡಲೇಬೇಕು. ಇಪ್ಪತ್ತು ನಿಮಿಷ ಆದ ಮೇಲೆ ಫೋನು ಗೂಟಕ್ಕೆ. ಒಂದು ದಿನಕ್ಕೆ ಒಂದೇ ಕಾಗದ. ಫೋನಿನಲ್ಲಿ ನೋಡಿದ್ದನ್ನು ವಹಿಯಲ್ಲಿ ಕೈಯಿಂದ ಬರೆಸಿ. ಹೆಣ್ಣುಮಕ್ಕಳನ್ನು ಬಿಡಬೇಡಿ. ಹೊಲದ ಲೆಕ್ಕ ಗಂಡಸರದು ಎಂದು ಹೊರಗಿಟ್ಟರೆ ಗಂಡ ಸತ್ತ ಮೇಲೆ ಅದೇ ಉತಾರ ಹಿಡಿದು ಅವಳೇ ಕಚೇರಿ ಸುತ್ತಬೇಕು.

ನಿಪ್ಪಾಣಿಯ ತಂಬಾಕು ಬೆಳೆಗಾರರು 1981ರಲ್ಲಿ ದರಕ್ಕಾಗಿ ಹೆದ್ದಾರಿಯಲ್ಲಿ ಕೂತರು. ಏಪ್ರಿಲ್ 6ರ ಗೋಲೀಬಾರಿನಲ್ಲಿ ರೈತರು ಪ್ರಾಣ ಕೊಟ್ಟರು. ಬೆಲೆ ಕೇಳಲು ಈ ನೆಲದ ಮಂದಿ ಎಂದೂ ಹಿಂದೆ ಬಿದ್ದವರಲ್ಲ. ಕೇಳುವವನ ಕೈಯಲ್ಲಿ ಲೆಕ್ಕದ ಕಾಗದ ಇದ್ದರೆ, ಅದನ್ನು ಅವನೇ ಓದಿ ತೋರಿಸಿದರೆ, ಎದುರಿನವರು ಉತ್ತರ ಕೊಡಲೇಬೇಕಾಗುತ್ತದೆ.

ಈ ಹಂಗಾಮಿನ ಮೊದಲ ಕಾಟಾ ಚೀಟಿಯಿಂದಲೇ ಶುರು ಮಾಡಿ. ನಿಮ್ಮ ಮನೆಯಲ್ಲಿ, ನಿಮ್ಮ ಊರಿನ ಅರಿವು ಕೇಂದ್ರದಲ್ಲಿ ಏನು ನಡೆಯಿತು, ಏನು ನಡೆಯಲಿಲ್ಲ ಎಂದು ಪತ್ರಿಕೆಗೆ ನಾಲ್ಕು ಸಾಲು ಬರೆಯಿರಿ. ಮಕ್ಕಳ ಕೈಯಿಂದ ಬರೆಸಿದರೆ ಇನ್ನೂ ಚಲೋ.